ಇಲ್ಲದ ಬಿರುಕು

ಭಾವನ ಕೈಯಲ್ಲಿದ್ದ ಹಳದಿ ಪೆನ್ಸಿಲ್ಲು ಫಿಲ್ಮಿನ ಎಡ ಅಂಚಿನ ಕಡೆ ಹೊರಟಾಗ ಅವಳಿಗೆ ಕೆಮ್ಮಬೇಕು ಅನ್ನಿಸಿತು. ಒಂದು ಕೆಮ್ಮು ಸಾಕಿತ್ತು. ಅವರು ತಲೆಯೆತ್ತುತ್ತಿದ್ದರು, ಕೈ ತಡೆಯುತ್ತಿತ್ತು, ಇನ್ನೊಮ್ಮೆ ನೋಡುತ್ತಿದ್ದರು. ಆದರೆ ಕತ್ತಲು ಮಾಡಿದ ಕೋಣೆಯಲ್ಲಿ, ಪರೀಕ್ಷೆ ನಡೆಯುತ್ತಿರುವಾಗ, ಪ್ರಶ್ನೆಪತ್ರಿಕೆ ಮಾಡಿದವಳೇ ಕೆಮ್ಮಿದರೆ ಅದನ್ನು ನೆಗಡಿ ಎಂದು ಯಾರೂ ನಂಬುವುದಿಲ್ಲ. ಅವಳು ಉಗುಳು ನುಂಗಿ ಗೋಡೆಗೆ ಒತ್ತಿಕೊಂಡಳು. ಭಾವ ಲೈಟ್ ಬಾಕ್ಸಿನ ಮೇಲೆ ಬಗ್ಗಿದ್ದರು. ಕೆಳಗಿನಿಂದ ಬರುವ ಬಿಳಿ ಬೆಳಕಿನಲ್ಲಿ ಅವರ ಗಲ್ಲ, ಮೂಗಿನ ಹೊಳ್ಳೆ, ಕಣ್ಣಿನ ಆಪರೇಷನ್ ಆದ ಮೇಲೆ ಬಂದ ಹೊಸ ಕನ್ನಡಕ, ಎಲ್ಲವೂ ಬೇರೆ ಯಾರದೋ ಎಂಬಂತೆ ಕಾಣುತ್ತಿದ್ದವು. ಫಿಲ್ಮನ್ನು ಮಗುಚಿ ಹಾಕಿ ನೋಡಿದರು. ಮತ್ತೆ ಸರಿಯಾಗಿ ಹಾಕಿ ನೋಡಿದರು. ಆಮೇಲೆ ಬೆಸುಗೆಯ ಅಂಚಿನಲ್ಲಿ, ಆತುರವಿಲ್ಲದೆ, ದುಂಡಗೆ ಒಂದು ಗುರುತು ಹಾಕಿದರು. ಆ ದುಂಡಿನೊಳಗೆ ಏನೂ ಇರಲಿಲ್ಲ. ಇರಲು ಸಾಧ್ಯವೇ ಇರಲಿಲ್ಲ, ಏಕೆಂದರೆ ಆ ಫಿಲ್ಮನ್ನು ಮಾಡಿದ್ದು ಅವಳು, ಮತ್ತು ಅದರಲ್ಲಿ ಅವಳು ಏನನ್ನೂ ಇಟ್ಟಿರಲಿಲ್ಲ.

ಅವಳ ಕೆಲಸವೇ ಅದು: ಎಕ್ಸ್‌ರೇ ಇಲ್ಲದೆ ಎಕ್ಸ್‌ರೇ ತೆಗೆಯುವುದು. ಕಾರ್ಖಾನೆಯಲ್ಲಿ ಬಾಯ್ಲರು, ಉಗಿಯ ಕೊಳವೆ, ಒತ್ತಡ ತಡೆಯುವ ದಪ್ಪ ದಪ್ಪ ತೊಟ್ಟಿಗಳನ್ನು ಮಾಡುತ್ತಾರೆ. ಬೆಸುಗೆಯ ಹೊಟ್ಟೆಯೊಳಗೆ ಬಿರುಕಿದೆಯೇ ಎಂದು ತಿಳಿಯಲು ಒಂದು ಕಡೆ ಕಿರಣ, ಇನ್ನೊಂದು ಕಡೆ ಫಿಲ್ಮು ಇಟ್ಟು ಚಿತ್ರ ತೆಗೆಯುತ್ತಾರೆ. ಆ ಚಿತ್ರಗಳನ್ನು ಕೂತು ಓದುವ ಪ್ರಯೋಗಾಲಯ ಇದು. ಅವಳ ಕಂಪ್ಯೂಟರಿನೊಳಗೆ ಮಾತ್ರ ಲೋಹವೂ ಲೆಕ್ಕ, ಕಿರಣವೂ ಲೆಕ್ಕ. ಒಂದೊಂದು ಕಿರಣ ಎಲ್ಲಿ ಹೊಕ್ಕಿತು, ಎಲ್ಲಿ ಚೆದುರಿತು, ಎಲ್ಲಿ ಇಂಗಿಹೋಯಿತು ಎಂದು ಯಂತ್ರ ಎಣಿಸಿ ಎಣಿಸಿ, ಕೊನೆಗೆ ಭೂಮಿಯ ಮೇಲಿನ ಯಾವ ವಸ್ತುವಿನದೂ ಅಲ್ಲದ ಒಂದು ಫಿಲ್ಮನ್ನು ಕೊಡುತ್ತದೆ. ಬಿರುಕು ಎಲ್ಲಿ ಬೇಕೋ ಅಲ್ಲಿ, ಎಷ್ಟು ಬೇಕೋ ಅಷ್ಟು. ನಿಜವಾದ ಬಿರುಕಿನ ಫಿಲ್ಮುಗಳು ಬೇಕೆಂದಾಗ ಸಿಗುವುದಿಲ್ಲವಾದ್ದರಿಂದ, ಫಿಲ್ಮು ಓದುವವರ ಕಣ್ಣನ್ನು ಪರೀಕ್ಷಿಸಲು ಇವಳು ಮಾಡಿದ್ದೇ ಗತಿ. ಆಪರೇಷನ್ ಆದ ಭಾವ ಮತ್ತೆ ಓದುವ ಕುರ್ಚಿಯಲ್ಲಿ ಕೂರಬೇಕಾದರೆ ಈ ಪರೀಕ್ಷೆ ಪಾಸಾಗಬೇಕಿತ್ತು. ಕಾರ್ಖಾನೆಯವರು ಅವಳಿಗೆ ‘ಸುಳ್ಳು ಫಿಲ್ಮಿನ ಮೇಡಂ’ ಎಂದು ಹೆಸರಿಟ್ಟಿದ್ದರು. ಅವಳಿಗೆ ಬೇಸರವಿರಲಿಲ್ಲ, ಒಳಗೊಳಗೆ ಹೆಮ್ಮೆಯೇ ಇತ್ತು. ಈ ಕಟ್ಟಡದಲ್ಲಿ ‘ಇಲ್ಲ’ ಎನ್ನುವ ಹಕ್ಕು ಇದ್ದದ್ದು ಅವಳೊಬ್ಬಳಿಗೇ. ಮಿಕ್ಕವರೆಲ್ಲ ‘ಕಾಣಲಿಲ್ಲ’ ಎನ್ನಬೇಕು. ಅದು ಭಾವ ಮಾಡಿದ ಕಟ್ಟಳೆ. ಫಿಲ್ಮು ಓದುವವನು ಬಿರುಕು ಇಲ್ಲ ಅನ್ನಕೂಡದು, ಕಾಣಲಿಲ್ಲ ಅನ್ನಬೇಕು, ಇದೆಯೋ ಇಲ್ಲವೋ ಲೋಹಕ್ಕೆ ಗೊತ್ತು. ಅಮ್ಮ ಹೋದ ಮೇಲೆ ಅಕ್ಕನ ಮನೆಗೆ ಬಂದಿದ್ದ ಅವಳು, ಎರಡು ಜಡೆಯ ಹುಡುಗಿ, ಬಾಚಣಿಗೆ ಇಲ್ಲ ಎಂದು ಅಳುತ್ತಿದ್ದರೆ ಭಾವ ಒಳಗಿನಿಂದಲೇ ಕೂಗುತ್ತಿದ್ದರು, “ಇಲ್ಲ ಅನ್ನಬೇಡ ಗುಬ್ಬಿ, ಕಾಣಲಿಲ್ಲ ಅನ್ನು!” ಅಕ್ಕ ಒಲೆಯ ಮುಂದಿನಿಂದ ಸೌಟು ಹಿಡಿದೇ ಬರುತ್ತಿದ್ದಳು. “ಉಪ್ಪು ಇಲ್ಲ ಅಂದ್ರೆ ಇಲ್ಲ ಕಣ್ರೀ. ಡಬ್ಬ ಖಾಲಿ. ಕಾಣಲಿಲ್ಲ ಅಂದ್ಬಿಟ್ರೆ ಅಡುಗೆಗೆ ಉಪ್ಪು ಬೀಳುತ್ತಾ?” ಆ ನಗುವಿನಲ್ಲಿ ಬಾಚಣಿಗೆ ಎಲ್ಲಿಂದಲೋ ಸಿಕ್ಕಿಬಿಡುತ್ತಿತ್ತು. ಈಗಲೂ ಅವಳು ಅದೇ ಮನೆಯ ಮಹಡಿಯಲ್ಲಿದ್ದಾಳೆ.

ಭಾವ ಎದ್ದು ದೀಪ ಹಾಕಿದರು. ಗುರುತು ಹಾಕಿದ ಫಿಲ್ಮುಗಳನ್ನು ಜೋಡಿಸಿ ಅವಳ ಕೈಗೆ ಕೊಡುವಾಗ ಅವಳ ಮುಖ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ ಎಂದು ಅವಳಿಗೆ ಗೊತ್ತಾಯಿತು. ನಿನ್ನೆ ಪಾತ್ರೆ ಒರೆಸುತ್ತ ಅಕ್ಕ ಕೇಳಿದ್ದಳು, “ಯಾವುದರಲ್ಲಿ ಏನಿದೆ ಅಂತ ಒಂದು ಮಾತು ಹೇಳಿಬಿಡೇ. ನಿನಗೇನು ಕಮ್ಮಿ ಆಗುತ್ತೆ?” “ಅಕ್ಕಾ, ಅದು ಪರೀಕ್ಷೆ.” “ಪರೀಕ್ಷೆಯಂತೆ. ಇವಳಿಗೆ ಓದೋಕೆ ಕಲಿಸಿದ್ದು ಯಾರೋ, ಅವರಿಗೆ ಇವಳು ಪರೀಕ್ಷೆ ಇಡ್ತಾಳಂತೆ.” ಪಕ್ಕದ ಕೋಣೆಯಲ್ಲಿ ಭಾವ ರೇಡಿಯೊದ ಸದ್ದು ಜಾಸ್ತಿ ಮಾಡಿದ್ದರು. ಅವಳು ಹೇಳಲಿಲ್ಲ. ಹೇಳದೆ ಮಹಡಿ ಹತ್ತುವಾಗ ತನ್ನ ಬಗ್ಗೆ ತನಗೇ ಒಂದು ಗೌರವ ಹುಟ್ಟಿ, ಆ ಗೌರವದಲ್ಲಿ ಚೆನ್ನಾಗಿ ನಿದ್ದೆ ಬಂದಿತ್ತು.

ಪ್ರಯೋಗಾಲಯದ ಮುಖ್ಯಸ್ಥರಿಗೆ ಎಲ್ಲರೂ ಬೆನ್ನ ಹಿಂದೆ ‘ನೋಡೋಣ ಸಾಹೇಬರು’ ಎನ್ನುತ್ತಿದ್ದರು. ರಜೆ ಕೇಳಿದರೂ ನೋಡೋಣ, ಫ್ಯಾನು ಕೆಟ್ಟಿದೆ ಎಂದರೂ ನೋಡೋಣ. ನೋಡುವುದೇ ಕಸುಬಾದ ಜಾಗದಲ್ಲಿ ಒಂದು ಫಿಲ್ಮನ್ನೂ ನೋಡದೆ ಬೆಳಗಿನಿಂದ ಸಂಜೆಯವರೆಗೆ ನೋಡೋಣ ಎನ್ನುತ್ತಿದ್ದವರು ಅವರೊಬ್ಬರೇ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವ ಆ ಮನುಷ್ಯ ಇವತ್ತು ಮಾತ್ರ, ಫಿಲ್ಮುಗಳನ್ನು ಅವಳ ಉತ್ತರಗಳ ಜೊತೆ ಹೋಲಿಸಿ ಮುಗಿಸಿದಾಗ, ನೆಟ್ಟಗೆ ಮಾತಾಡಿದರು.

“ಒಂದನ್ನ ಬಿಟ್ಟಿದ್ದಾರೆ. ಹೋಗ್ಲಿ, ಅದು ಯಾರಿಗಾದ್ರೂ ತಪ್ಪುತ್ತೆ. ಆದ್ರೆ ಇದು?” ಎಡ ಅಂಚಿನಲ್ಲಿ ಗುರುತಿದ್ದ ಫಿಲ್ಮನ್ನು ಕಿಟಕಿಗೆ ಹಿಡಿದರು, ತಲೆಕೆಳಗಾಗಿ. “ಇದರಲ್ಲಿ ಏನಿಟ್ಟಿದ್ರಿ?”

“ಏನೂ ಇಟ್ಟಿಲ್ಲ ಸರ್. ಅದು ಖಾಲಿ ಪ್ಲೇಟು.”

“ಅಂದ್ರೆ, ಇಲ್ಲದ್ದನ್ನ ಕಂಡ್ರು.”

ಸೆಟ್ಟಿನಲ್ಲಿ ಖಾಲಿ ಪ್ಲೇಟು ಇಡುವುದೇ ಅದಕ್ಕೆ, ಹೆದರಿಕೆಗೆ ಎಲ್ಲೆಂದರಲ್ಲಿ ಗುರುತು ಹಾಕುವವರನ್ನು ಹಿಡಿಯಲು.

“ಇದ್ದದ್ದು ಕಾಣದೇ ಇರೋದು ಒಂದು ಕಾಯಿಲೆ, ಇಲ್ಲದ್ದು ಕಾಣೋದು ಇನ್ನೊಂದು. ಎರಡನೇದು ದೊಡ್ಡದು. ನಾಳೆ ಒಳ್ಳೊಳ್ಳೆ ತೊಟ್ಟಿನೆಲ್ಲ ಕತ್ತರಿಸಿ ಅಂತಾರೆ.” ಸಾಹೇಬರು ಫಿಲ್ಮನ್ನು ಮೇಜಿನ ಮೇಲಿಟ್ಟರು. “ಒಂದು ಮಾತು ಕೇಳ್ತೀನಿ. ಇದು ಪೂರ್ತಿ ನಿಮ್ಮ ಕಂಪ್ಯೂಟರಿನಿಂದಾನೇ ಬಂದದ್ದು ತಾನೆ? ನೀವು ಇಟ್ಟದ್ದು ಬಿಟ್ಟು ಬೇರೆ ಏನಾದ್ರೂ ಇದರೊಳಗೆ ಇರೋ ಸಾಧ್ಯತೆ ಇದೆಯಾ?”

“ಇಲ್ಲ ಸರ್.”

“ಸರಿ ಹಾಗಾದ್ರೆ. ಸೋಮವಾರದಿಂದ ಸ್ಟೋರಿನಲ್ಲಿ ಕೂರಲಿ. ಗೌರವವಾಗೇ ಮಾಡೋಣ. ನೀವೇ ಹೇಳಿಬಿಡಿ, ಮನೆಯವರು ಹೇಳಿದ್ರೆ ಬೇಜಾರು ಕಮ್ಮಿ ಆಗುತ್ತೆ.”

ಹೊರಗೆ ಬಂದು ಬಾಗಿಲು ಎಳೆದುಕೊಂಡ ಮೇಲೂ ‘ಇಲ್ಲ ಸರ್’ ಎಂಬುದು ಎಷ್ಟು ಸಲೀಸಾಗಿ ಬಂತು ಎಂದು ಅವಳಿಗೇ ಆಶ್ಚರ್ಯವಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವಳ ಕೈ ಹೆಗಲಿಗೆ ಹೋದದ್ದು ತನ್ನ ಮೇಜಿನ ಮುಂದೆ ಕೂತ ಮೇಲೆ. ಪೂರ್ತಿ ಕಂಪ್ಯೂಟರಿನಿಂದ ಬಂದದ್ದು. ಆ ಮಾತನ್ನು ಹೇಳಿ ಹೇಳಿ ಅವಳಿಗೇ ಅದು ನಿಜವಾಗಿತ್ತು. ಲೆಕ್ಕದಿಂದ ಹುಟ್ಟಿದ ಫಿಲ್ಮಿಗೆ ಒಂದು ದೋಷವಿದೆ, ಅದು ತೀರಾ ಸ್ವಚ್ಛ. ನಿಜದ ಫಿಲ್ಮಿನಲ್ಲಿ ಮರಳು ಚೆಲ್ಲಿದ ಹಾಗೆ ಒಂದು ಒರಟುತನವಿರುತ್ತದೆ, ಒಂದು ಕಡೆ ದಟ್ಟ, ಒಂದು ಕಡೆ ತೆಳು. ಅದನ್ನೂ ಲೆಕ್ಕದಿಂದಲೇ ತರಬೇಕೆಂದರೆ ಯಂತ್ರ ವಾರಗಟ್ಟಲೆ ಓಡಬೇಕು. ಪರೀಕ್ಷೆ ಹತ್ತಿರ ಬಂದಿತ್ತು. ಅವಳು ಸ್ಟೋರಿನಿಂದ ಒಂದು ಹಳೆಯ ನಿಜವಾದ ಫಿಲ್ಮು ತಂದು, ಸ್ಕ್ಯಾನ್ ಮಾಡಿ, ಯಾವ ಕೊಳವೆ, ಯಾವ ವರ್ಷ ಎಂದು ಮೂಲೆಯಲ್ಲಿ ಮೂಡಿದ್ದ ಸೀಸದ ಅಕ್ಷರಗಳನ್ನು ಅಳಿಸಿ, ಸ್ವಲ್ಪ ಗಾಢ ಮಾಡಿ, ಆ ಚಿತ್ರವನ್ನು ತುಂಡು ತುಂಡು ಮಾಡಿ, ಅವುಗಳ ಮೇಲೆ ತನ್ನ ಬಿರುಕುಗಳನ್ನು ಕೂರಿಸಿದ್ದಳು. ಒಂದು ತುಂಡಿನಲ್ಲಿ ಏನೂ ಕೂರಿಸದೆ ಖಾಲಿ ಬಿಟ್ಟಿದ್ದಳು. ಗಿರಾಕಿಗಳ ಫಿಲ್ಮು ಮುಟ್ಟಲು ಅನುಮತಿ ಬೇಕು. ಹಾಗಾಗಿ ಕಾರ್ಖಾನೆಯ ಸ್ವಂತ ಕೊಳವೆಯೊಂದರ ಫಿಲ್ಮು, ಪಾಸಾದದ್ದು, ಚೊಕ್ಕಟವಾದದ್ದು. “ಅಬ್ಬಾ, ನಿಜದ್ದೇ ಅನ್ಸುತ್ತಲ್ರೀ!” ಎಂದಿದ್ದರು ಸಾಹೇಬರು. ಅವಳು ನಕ್ಕು, “ಹೊಸ ಲೆಕ್ಕ ಹಾಕಿದೆ ಸರ್” ಎಂದಿದ್ದಳು. ಎಷ್ಟು ಸಣ್ಣ ಸುಳ್ಳು. ಯಾರಿಗೂ ನೋಯದ ಸುಳ್ಳು.

ಮೂಲ ಸ್ಕ್ಯಾನನ್ನು ಪರದೆಯ ಮೇಲೆ ತೆರೆದಳು. ಎಡ ಅಂಚಿಗೆ ಹೋಗಿ ದೊಡ್ಡದು ಮಾಡಿದಳು. ಏನೂ ಇಲ್ಲ. ಕಾಣಲಿಲ್ಲ, ಎಂದು ಒಳಗಿನಿಂದ ಯಾರೋ ತಿದ್ದಿದರು. ಗಾಢ ಮಾಡಿದಳು, ಇನ್ನೂ ಸ್ವಲ್ಪ, ಪರೀಕ್ಷೆಯ ಫಿಲ್ಮಿಗೆ ಮಾಡಿದ್ದಷ್ಟೇ. ಮರಳಿನ ನಡುವೆ ಒಂದು ಗೆರೆ ನಿಧಾನವಾಗಿ ಎದ್ದು ಬಂತು. ಬೆಸುಗೆ ಮತ್ತು ಲೋಹ ಸೇರುವ ಅಂಚಿನಗುಂಟ, ಕೂದಲೆಳೆಗಿಂತ ತೆಳು, ಒಂದು ಕಡೆ ಸ್ವಲ್ಪ ಡೊಂಕು. ಅವಳು ಇಡುವ ಬಿರುಕುಗಳು ನೆಟ್ಟಗಿರುತ್ತವೆ, ತುದಿ ತಟ್ಟನೆ ನಿಲ್ಲುತ್ತದೆ. ಇದರ ತುದಿ ನಿಂತಿರಲಿಲ್ಲ, ಮರಳಿನಲ್ಲಿ ಎಲ್ಲೋ ಕರಗಿಹೋಗಿತ್ತು. ಅವಳು ಪರದೆಯನ್ನು ಬೆರಳಿನಿಂದ ಒರೆಸಿದಳು, ಧೂಳಿರಬಹುದು ಎಂದು. ಧೂಳಾಗಿದ್ದರೆ! ವಾಪಸ್ ಇಡದೆ ಉಳಿದ ಮೂಲ ಫಿಲ್ಮು ಡ್ರಾಯರಿನಲ್ಲೇ ಇತ್ತು. ಮೂಲೆಯಲ್ಲಿ ಸೀಸದ ಅಕ್ಷರಗಳು ಬಿಳಿಯಾಗಿ ಬಿದ್ದಿದ್ದವು. ಬಾಯ್ಲರ್ ಮನೆಯಿಂದ ಬರುವ ಉಗಿ ಕೊಳವೆ, ಕ್ಯಾಂಟೀನ್ ಓಣಿಯ ಕವಲು. ಮೂರು ವರ್ಷದ ಹಿಂದಿನದು. ಆ ವರ್ಷ ಇಲ್ಲಿ ಫಿಲ್ಮು ಓದುತ್ತಿದ್ದವರು ಒಬ್ಬರೇ.

ಆ ವರ್ಷದ ಒಂದು ಸಂಜೆ ಊಟದ ಹೊತ್ತಿನಲ್ಲಿ ಭಾವ ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸಿದ್ದರು. ನೀರು ಲೋಟದ ಪಕ್ಕಕ್ಕೆ ಬಿದ್ದು ಮೇಜಿನುದ್ದಕ್ಕೂ ಹರಿದಿತ್ತು, ಅವರು ಇನ್ನೂ ಬಗ್ಗಿಸುತ್ತಲೇ ಇದ್ದರು. ಅಕ್ಕ ಒಳಗಿದ್ದಳು. ಬಟ್ಟೆ ತಂದು ಒರೆಸಿದ್ದು ಇವಳು. ಅವರು ಏನೂ ಹೇಳಲಿಲ್ಲ, ಅವಳೂ ಹೇಳಲಿಲ್ಲ. ಒರೆಸಿದ ಬಟ್ಟೆಯನ್ನು ಹಿಂಡಿ ಒಣಗಲು ಹಾಕಿ ಬಂದು, ಬೆಳಗಿನ ಬಸ್ಸಿನ ವಿಷಯ ಮಾತಾಡಿದಳು. ಎರಡು ವರ್ಷ ಕಳೆದು, ಕಣ್ಣಿನಲ್ಲಿ ಪೊರೆ ಎಂದು ಡಾಕ್ಟರು ಹೇಳಿದಾಗ ಮನೆಯವರೆಲ್ಲ ಹೌಹಾರಿದ್ದರು. ಅವಳೂ ಹೌಹಾರಿದ ಹಾಗೆ ಮಾಡಿದ್ದಳು. ಹಾಗಾದರೆ ಇದು ಒಂದು ಫಿಲ್ಮಿನ ಮಾತಲ್ಲ. ಆ ಎರಡು ವರ್ಷ ಆ ಕುರ್ಚಿಯ ಮೇಲೆ ಕೂತು ಆ ಕಣ್ಣು ಪಾಸು ಮಾಡಿದ ಪ್ರತಿಯೊಂದು ಬೆಸುಗೆಯೂ ಎದ್ದು ಬರುತ್ತದೆ. ಹೇಳಿದರೆ ಭಾವ ಇಲ್ಲದ್ದನ್ನು ಕಂಡವರಲ್ಲ ಎಂದಾಗುತ್ತದೆ, ನಿಜ; ಅದೇ ಉಸಿರಿನಲ್ಲಿ ಇದ್ದದ್ದನ್ನು ಕಾಣದವರು ಎಂದೂ ಆಗುತ್ತದೆ. ಹೇಳದಿದ್ದರೆ ಬರೀ ಸ್ಟೋರು, ಗೌರವವಾಗಿ. ಅತ್ತ ದರಿ, ಇತ್ತ ಪುಲಿ. ಮೂರು ವರ್ಷ ತಡೆದದ್ದು ಇನ್ನೊಂದು ವಾರ ತಡೆಯುವುದಿಲ್ಲವೇ, ಯಾರಿಗೂ ತಿಳಿಯದ ಹಾಗೆ ಆ ಕವಲನ್ನು ಬದಲಾಯಿಸುವಂತೆ ಏನಾದರೂ ನೆವ ಹೂಡಬಹುದಲ್ಲ, ಎಂದು ಯೋಚಿಸುತ್ತಿದ್ದವಳಿಗೆ ತಾನು ಯಾರ ಧಾಟಿಯಲ್ಲಿ ಯೋಚಿಸುತ್ತಿದ್ದೇನೆಂದು ಗೊತ್ತಾಯಿತು. ನೋಡೋಣ, ಎನ್ನುತ್ತಿತ್ತು ಅವಳ ಮನಸ್ಸು. ಫೋನು ಕುಣಿಯಿತು. ಅಕ್ಕ. ಅವಳು ಅದನ್ನು ಬೋರಲು ಹಾಕಿ ಎದ್ದಳು. ಕ್ಯಾಂಟೀನಿನ ಗಂಟೆ ಆಗಲೇ ಹೊಡೆದಿತ್ತು.

ಓಣಿ ಎರಡು ಕಟ್ಟಡಗಳ ನಡುವೆ ಇದೆ, ಬಿಸಿಲು ಬೀಳುವುದಿಲ್ಲ. ಚಳಿಗಾಲದಲ್ಲಿ ಎಲ್ಲರೂ ಟೀ ಲೋಟ ಹಿಡಿದು ಆ ಗೋಡೆಗೇ ಬೆನ್ನು ಕೊಟ್ಟು ನಿಲ್ಲುತ್ತಾರೆ, ಏಕೆಂದರೆ ಗೋಡೆ ಬೆಚ್ಚಗಿರುತ್ತದೆ. ಗೋಡೆ ಬೆಚ್ಚಗಿರುವುದು ಅದರ ಮೇಲೆ, ತಲೆಗಿಂತ ಒಂದು ಗೇಣು ಎತ್ತರದಲ್ಲಿ, ಉಗಿ ಕೊಳವೆ ಹಾದುಹೋಗಿ ಕವಲೊಡೆಯುವುದರಿಂದ. ಅವಳೂ ಎಷ್ಟು ಸಲ ನಿಂತಿದ್ದಾಳೆ. ಕೊಳವೆಯೊಳಗಿನ ಆ ಸಣ್ಣ ಸುಯ್ಗುಟ್ಟುವ ಸದ್ದಿಗೆ ತೂಕಡಿಕೆ ಬರುತ್ತಿತ್ತು. ಇವತ್ತು ಆ ಸದ್ದು ಓಣಿಯ ತಿರುವಿನಿಂದಲೇ ಕೇಳಿಸಿತು. ಪೇಂಟ್ ವಿಭಾಗದ ಮೂವರು ಹೆಂಗಸರು ಸಾಲಾಗಿ ನಿಂತು ಏನಕ್ಕೋ ನಗುತ್ತಿದ್ದರು. ಅವರ ಪಕ್ಕದಲ್ಲಿ, ಸರಿಯಾಗಿ ಕವಲಿನ ಕೆಳಗೆ, ಭಾವ. ಅಂಗೈಗಳನ್ನು ಗೋಡೆಗೆ ಒತ್ತಿ ಬಿಸಿ ಮಾಡಿಕೊಂಡು, ಕನ್ನಡಕ ತೆಗೆದು, ಆ ಬಿಸಿಯನ್ನು ಕಣ್ಣಿನ ಮೇಲೆ ಇಟ್ಟುಕೊಳ್ಳುತ್ತಿದ್ದರು.

“ಬಾ ಗುಬ್ಬಿ,” ಎಂದರು, ಕಣ್ಣು ಮುಚ್ಚಿಕೊಂಡೇ, ಹೆಜ್ಜೆಯ ಸದ್ದಿನಿಂದಲೇ ಗುರುತು ಹಿಡಿದು. “ಬೆಚ್ಚಗಿದೆ ಇಲ್ಲಿ.”

“ಭಾವ, ಆ ಎಡ ಅಂಚಿನದು...”

“ಅದಾ!” ಅವರು ಕಣ್ಣು ಬಿಟ್ಟು ನಕ್ಕರು. ಬೆಳಗಿನಿಂದ ಮೊದಲ ಸಲ ಅವಳನ್ನು ನೋಡಿದರು. “ಚೆನ್ನಾಗಿ ಬಚ್ಚಿಟ್ಟಿದ್ದೆ ಕಣೆ. ಮಿಕ್ಕಿದ್ದೆಲ್ಲ ಸ್ವಲ್ಪ ಜಂಬ ಮಾಡ್ತಾವೆ, ನೋಡಿ ನಾನೇ ಬಿರುಕು ಅಂತ. ಅದೊಂದು ಮಾತ್ರ ನಿಜದ ಬಿರುಕಿನ ಹಾಗೆ ನಾಚಿಕೊಂಡು ಕೂತಿತ್ತು. ಮಗುಚಿ ಹಾಕಿ ನೋಡಿದೆ, ಆಗಲೂ ಇತ್ತು. ಹೇಗೆ ಮಾಡಿದೆ ಅದನ್ನ? ನಿನ್ನ ಕೈ ಈಗ ಕುದುರಿತು ಬಿಡು. ಅದೊಂದಕ್ಕೇ ನಿನಗೆ ಪೂರ್ತಿ ಮಾರ್ಕು.”

ಅವಳ ಕಿವಿ ಬಿಸಿಯಾಯಿತು. ಯಾರೂ ಇಷ್ಟು ಮನಸಾರೆ ಅವಳನ್ನು ಹೊಗಳಿ ವರ್ಷಗಳಾಗಿದ್ದವು, ಮತ್ತು ಆ ಹೊಗಳಿಕೆಯಲ್ಲಿ ಅವಳದೆಂಬುದು ಒಂದು ಎಳೆಯೂ ಇರಲಿಲ್ಲ. ತಲೆಯ ಮೇಲೆ ಕೊಳವೆ ಸುಯ್ಗುಟ್ಟುತ್ತಿತ್ತು. “ಇಲ್ಲಿಂದ ಬನ್ನಿ ಭಾವ,” ಎಂದಳು.

“ಯಾಕೆ? ಟೀ ಬರಲಿ ಇರು.”

“ಬನ್ನಿ ಅಂದೆನಲ್ಲ!”

ದನಿ ಏರಿತ್ತು. ಹೆಂಗಸರು ನಗು ನಿಲ್ಲಿಸಿ ತಿರುಗಿದರು. ಅವಳು ಅವರ ಕಡೆಗೂ ಕೈ ಬೀಸಿದಳು. “ನೀವೂ ಅಷ್ಟೆ, ಇಲ್ಲಿ ನಿಲ್ಲಬೇಡಿ. ಆ ಕಡೆ ಹೋಗಿ.”

“ಯಾಕೆ ಮೇಡಂ?”

“ಇಲ್ಲಿ... ಪೇಂಟ್ ಮಾಡ್ತಾರಂತೆ.”

“ಪೇಂಟ್ ಮಾಡೋರು ನಾವೇ ಅಲ್ವಾ ಮೇಡಂ!” ಎಂದಳು ಹಿರಿಯವಳು, ಮತ್ತೆ ನಗು ಎದ್ದಿತು, ಈ ಸಲ ಅವಳ ಮೇಲೆ. “ನಮಗೇ ಹೇಳದೆ ಯಾರು ಮಾಡ್ತಾರೋ ನೋಡೇಬಿಡ್ತೀವಿ.” ಅವರು ಕದಲಲಿಲ್ಲ. ಒಂದು ಮಾತು ಹೇಳಿದ್ದರೆ ಅವರು ಓಡುತ್ತಿದ್ದರು. ಆ ಒಂದು ಮಾತು ಬಿಟ್ಟು ಮಿಕ್ಕ ಎಲ್ಲ ಮಾತೂ ಅವಳಿಗೆ ಬರುತ್ತಿತ್ತು. ಭಾವ ಅವಳ ಮುಖವನ್ನೇ ನೋಡುತ್ತಿದ್ದರು, ಫಿಲ್ಮು ನೋಡುವ ಹಾಗೆ. ಗೋಡೆಯಿಂದ ಬೆನ್ನು ತೆಗೆದು, ಏನೂ ಕೇಳದೆ, ಅವಳ ಹಿಂದೆ ಬಂದರು.

ಓದುವ ಕೋಣೆಯಲ್ಲಿ ಅವಳು ಡ್ರಾಯರಿನಿಂದ ತಂದ ಫಿಲ್ಮನ್ನು ಅವರ ಕೈಗೆ ಕೊಟ್ಟಳು. “ಇದನ್ನ ಓದಿ.” ಅಷ್ಟೇ ಹೇಳಲಾಯಿತು. ಭಾವ ಫಿಲ್ಮಿನ ಅಂಚನ್ನು ಹೆಬ್ಬೆರಳಿನಿಂದ ಸವರಿ ಅದು ಹಳೆಯದೆಂದು ತಿಳಿದುಕೊಂಡರು. ದೀಪ ಆರಿಸಿದರು. ಓದುವ ಮೊದಲು ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ ಎಂದು ಸ್ವಲ್ಪ ಹೊತ್ತು ಸುಮ್ಮನೆ ಕೂರುವುದು ಅವರ ಪದ್ಧತಿ. ಆ ಕತ್ತಲೆಯಲ್ಲಿ ಇಬ್ಬರೂ ಕೂತರು. ಈಗ ಹೇಳಬಹುದು, ಮುಖ ಕಾಣುವುದಿಲ್ಲ, ಈಗ ಹೇಳಬಹುದು, ಎಂದು ಅವಳ ನಾಲಿಗೆ ತುದಿಗೆ ಬಂದು ಬಂದು ಹೋಯಿತು. ಓಣಿಯಲ್ಲಿ ಆ ಹೆಂಗಸರು ಇನ್ನೂ ನಿಂತಿದ್ದಾರೆ. ಈ ಪದ್ಧತಿಯ ಹೊತ್ತು ಇವತ್ತು ಇಷ್ಟು ಉದ್ದವೇ? ಭಾವನ ಉಸಿರು ಕೇಳುತ್ತಿತ್ತು. ಆಮೇಲೆ ಲೈಟ್ ಬಾಕ್ಸು ಹೊತ್ತಿಕೊಂಡಿತು.

ಭಾವ ಓದುವಾಗ ಪಕ್ಕದಲ್ಲಿ ಯಾರೋ ಬರೆದುಕೊಳ್ಳುತ್ತಿದ್ದಾರೆ ಎಂಬಂತೆ ಬಾಯಿಬಿಟ್ಟು ಹೇಳುತ್ತಾರೆ. “ಬೆಸುಗೆ, ಒಳಗೆ ಚೊಕ್ಕ. ಗಾಳಿಗುಳ್ಳೆ ಕಾಣಲಿಲ್ಲ. ಬಲ ಅಂಚು, ಕಾಣಲಿಲ್ಲ. ಎಡ ಅಂಚು...” ಮುಖವನ್ನು ಹತ್ತಿರ ತಂದರು. ಫಿಲ್ಮನ್ನು ಮಗುಚಿದರು. “ಎಡ ಅಂಚು, ಬಿರುಕು. ತುದಿ ಸಿಗ್ತಿಲ್ಲ. ರಿಜೆಕ್ಟ್.” ಹಳದಿ ಪೆನ್ಸಿಲ್ಲಿನಿಂದ ದುಂಡಗೆ ಗುರುತು ಹಾಕಿದರು, ಬೆಳಗ್ಗೆ ಹಾಕಿದಲ್ಲೇ. ಹಾಕಿದ ಮೇಲೆ ಕೈ ಅಲ್ಲೇ ನಿಂತಿತು. ಕಣ್ಣು ನಿಧಾನವಾಗಿ ಮೂಲೆಯ ಸೀಸದ ಅಕ್ಷರಗಳಿಗೆ ಹೋಯಿತು. ಅವಳು ಬೇರೆ ಕಡೆ ನೋಡಿದಳು. ಕೊಳವೆಯ ಸದ್ದು ಇಲ್ಲಿಗೆ ಬರುವುದಿಲ್ಲ. ಆದರೂ ಅವಳಿಗೆ ಅದು ಕೇಳುತ್ತಿತ್ತು.

“ನೀನು ಇಟ್ಟದ್ದಲ್ಲ ಇದು,” ಎಂದರು ಭಾವ ಕೊನೆಗೆ.

“ಅಲ್ಲ ಭಾವ. ನಾನು ನಿಜವಾದ ಫಿಲ್ಮನ್ನೇ ತಗೊಂಡು... ಲೆಕ್ಕ ಅಂತ ಹೇಳಿ...”

“ಪಾಸ್ ಮಾಡಿದ್ದು ನಾನು.” ಕನ್ನಡಕ ತೆಗೆದರು. ಒರೆಸಲಿಲ್ಲ, ಕೈಯಲ್ಲಿ ಹಿಡಿದುಕೊಂಡರು ಅಷ್ಟೆ. “ಅವತ್ತು ನೀರು ಒರೆಸಿದೆಯಲ್ಲ, ನೀನು ನೋಡಿದ್ದು ನನಗೆ ಗೊತ್ತಾಗಿತ್ತು. ನೀನಾದ್ರೂ ಹೇಳ್ತೀಯಾ ಅಂತ ಕಾದೆ. ನೀನು ಹೇಳಲಿಲ್ಲ, ಹಾಗಾದ್ರೆ ಅಷ್ಟೇನೂ ಇಲ್ಲ ಅಂದ್ಕೊಂಡೆ. ನೋಡು, ನನ್ನ ಬಾಯಲ್ಲೇ ಬಂತು, ಇಲ್ಲ ಅಂತ.” ನಗಲು ನೋಡಿದರು, ಆಗಲಿಲ್ಲ. ಅವಳು ಆ ಕೈ ಹಿಡಿದುಕೊಳ್ಳಬೇಕೆಂದು ಎದ್ದಳು, ಅಷ್ಟರಲ್ಲಿ ಅವರೇ ಎದ್ದಿದ್ದರು, ಕನ್ನಡಕ ಹಾಕಿಕೊಂಡಿದ್ದರು. “ಆ ಹೆಣ್ಣುಮಕ್ಕಳು ಅಲ್ಲೇ ನಿಂತಿದ್ದಾರಲ್ಲೇ ಗುಬ್ಬಿ. ನಾನು ಬಾಯ್ಲರ್ ಮನೆಗೆ ಹೋಗ್ತೀನಿ, ನೀನು ಸಾಹೇಬರ ಹತ್ತಿರ ಹೋಗು. ಅಳೋದಿದ್ರೆ ಆಮೇಲೆ ಅಳೋಣ.”

ನೋಡೋಣ ಸಾಹೇಬರು ಊಟದ ಡಬ್ಬಿ ಬಿಚ್ಚುತ್ತಿದ್ದರು. ಅವಳು ಬಾಗಿಲು ತಟ್ಟದೆ ಒಳಗೆ ಹೋದಳು. ಹೇಳಿದ್ದು ಹಿಂದು ಮುಂದಾಗಿ ಬಂತು: ಮೊದಲು ಓಣಿ, ಆಮೇಲೆ ಕೊಳವೆ, ಆಮೇಲೆ ಸ್ಕ್ಯಾನು, ಕೊನೆಗೆ ಭಾವ. ಭಾವನ ಹೆಸರು ಬಂದಾಗ ಉಂಡ ಮನೆಗೆ ಎರಡು ಬಗೆದವಳು ಎಂದು ಅಕ್ಕ ಎಲ್ಲೋ ಹೇಳುತ್ತಿರುವುದು ಕೇಳಿಸಿತು. ಆದರೂ ಹೇಳಿದಳು. ಸಾಹೇಬರು ಡಬ್ಬಿಯ ಮುಚ್ಚಳ ಹಿಡಿದೇ ಕೇಳಿದರು.

“ಬೆಳಗ್ಗೆ ನಾನು ಕೇಳಿದಾಗ ಇಲ್ಲ ಅಂದ್ರಲ್ಲ?”

“ಸುಳ್ಳು ಹೇಳಿದೆ ಸರ್.”

“ಈಗ ಉಗಿ ನಿಲ್ಲಿಸೋದು ಅಂದ್ರೆ ಪೂರ್ತಿ ಪ್ಲಾಂಟೇ ನಿಂತ ಹಾಗೆ. ಮೇಲಿನವರನ್ನ ಕೇಳದೆ...” ಮುಚ್ಚಳವನ್ನು ಮೆಲ್ಲಗೆ ಕೆಳಗಿಟ್ಟರು. “ನೋಡೋಣ.”

“ನೋಡಿ ಆಗಿದೆ ಸರ್,” ಎಂದಳು.

ಸಾಹೇಬರು ತಟ್ಟನೆ ಗೋಡೆಯ ಕಡೆ ಕಿವಿಗೊಟ್ಟರು. ಗೋಡೆಯಾಚೆ ಏನೋ ಬದಲಾಗಿತ್ತು. ದಿನವೆಲ್ಲ ಇರುವುದರಿಂದ ಯಾರಿಗೂ ಕೇಳಿಸದಿದ್ದ ಒಂದು ಗುಂಯ್ ಸದ್ದು ನಿಂತುಹೋಗಿ, ಅದರ ಜಾಗದಲ್ಲಿ ತಣ್ಣಗಾಗುತ್ತಿರುವ ಕೊಳವೆಯ ಟಿಕ್ ಟಿಕ್ ಕೇಳುತ್ತಿತ್ತು. ಭಾವ ಯಾರನ್ನೂ ಕೇಳಲು ಹೋಗಿರಲಿಲ್ಲ. ಬಾಯ್ಲರಿನವನು ಆಮೇಲೆ ಹೇಳಿದ: ಬಂದರು, ‘ನಾನು ಫಿಲ್ಮು ಓದೋನು, ಮುಚ್ಚು’ ಎಂದರು, ನಾನು ಮುಚ್ಚಿದೆ.

ಸಂಜೆ ಕೊಳವೆ ಮುಟ್ಟುವಷ್ಟು ತಣ್ಣಗಾದ ಮೇಲೆ ರಿಪೇರಿಯವರು ಏಣಿ ಇಟ್ಟು ಹತ್ತಿದರು. ಬಣ್ಣ ಕೆರೆದು, ಕೆಂಪು ದ್ರವ ಬಳಿದು, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿದರು. ಬಿರುಕಿದ್ದರೆ ಒಳಗೆ ಕುಡಿದ ಕೆಂಪನ್ನು ಅದು ಬಿಳಿಯ ಮೇಲೆ ಉಗುಳುತ್ತದೆ. ಓಣಿಯ ಎರಡೂ ಕಡೆ ಜನ ನಿಂತಿದ್ದರು, ಗೋಡೆಯಿಂದ ದೂರ. ಮೊದಲು ಏನೂ ಬರಲಿಲ್ಲ. ಅವಳೊಳಗೆ ಒಂದು ಹೇಸಿಗೆಯ ಆಸೆ ತಲೆಯೆತ್ತಿತು, ಬಾರದೇ ಇರಲಿ, ಎಲ್ಲ ನಮ್ಮ ಕಣ್ಣಿನ ಭ್ರಮೆಯಾಗಲಿ. ಆಮೇಲೆ ಬಿಳಿಯ ಮೇಲೆ ಒಂದು ಕೆಂಪು ಎಳೆ ಮೂಡಿತು, ಬೆಳೆಯಿತು, ಫಿಲ್ಮಿನಲ್ಲಿದ್ದುದಕ್ಕಿಂತ ಬೆರಳಿನಷ್ಟು ಮುಂದಕ್ಕೂ ಹೋಯಿತು. ಪೇಂಟ್ ವಿಭಾಗದ ಹಿರಿಯವಳು ಅವಳ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು, “ಇದಕ್ಕೇನಾ ಮೇಡಂ, ಪೇಂಟ್ ಅಂದಿದ್ದು?” ಆ ಹೆಂಗಸಿನ ಕೈಯಲ್ಲಿ ಇನ್ನೂ ಮಧ್ಯಾಹ್ನದ ಟೀ ಲೋಟವಿತ್ತು, ಖಾಲಿ. ಅವಳು ತಲೆಯಾಡಿಸಿದಳು.

ಸಾಹೇಬರು ಫೋನಿನಲ್ಲಿ ಮೇಲಿನವರ ಜೊತೆ ಮಾತಾಡುತ್ತಿದ್ದರು. ನಾಳೆ ಬೆಳಗ್ಗೆ ಅವಳು, ಭಾವ ಇಬ್ಬರೂ ಮೀಟಿಂಗಿಗೆ ಬರಬೇಕು. ಅಲ್ಲಿಯವರೆಗೆ ಭಾವ ಯಾವ ಕಾಗದಕ್ಕೂ ಸಹಿ ಹಾಕಕೂಡದು. “ಸಹಿ ಹಾಕಬಾರದು ಅಂದ್ರು, ನೋಡಬಾರದು ಅನ್ನಲಿಲ್ಲ,” ಎಂದರು ಭಾವ. ಸ್ಟೋರಿಗೆ ಹೋಗಿ, ಆ ಎರಡು ವರ್ಷದ ಡಬ್ಬಗಳನ್ನು ಒಂದೊಂದಾಗಿ ಹೊತ್ತು ತಂದು ಓದುವ ಕೋಣೆಯ ಗೋಡೆಗೆ ಜೋಡಿಸಿದರು. ಅವಳು ಎತ್ತಲು ಹೋದರೆ ಬಿಡಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿಂದೆ ಅವಳಿಗೆ ಫಿಲ್ಮು ಮಗುಚಲು ಕಲಿಸುವಾಗ ಹೇಳುತ್ತಿದ್ದರು. ಈಗ ಏನೂ ಹೇಳದೆ ಮೊದಲ ಡಬ್ಬದ ಟೇಪು ಹರಿದರು. ಕತ್ತಲೆಯಲ್ಲಿ ಕೂತರು. ಬಾಕ್ಸು ಹೊತ್ತಿಸಿದರು. “ಕಾಣಲಿಲ್ಲ,” ಎಂದರು ಮೊದಲನೆಯದಕ್ಕೆ, ಬಹಳ ಹೊತ್ತು ನೋಡಿದ ಮೇಲೆ. ಎರಡನೆಯದನ್ನು ಹಾಕಿದರು. ಅವಳು ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿದ್ದಳು. ಮನೆ, ಸ್ಟೋರು, ನಾಳೆ, ಎಲ್ಲವೂ ಆ ಬಿಳಿ ಬೆಳಕಿನ ಚೌಕದ ಆಚೆ ಕತ್ತಲಲ್ಲಿದ್ದವು.

ಫೋನು ಮತ್ತೆ ಕುಣಿಯಿತು. ಈ ಸಲ ಅವಳು ಎತ್ತಿದಳು.

“ಎಲ್ಲಿ ಹಾಳಾಗಿ ಹೋಗಿದ್ರೇ ಇಬ್ಬರೂ? ಬೆಳಗ್ಗೆಯಿಂದ ಹೊಡೀತಿದ್ದೀನಿ,” ಎಂದಳು ಅಕ್ಕ. “ಪಾಸಾದ್ರಾ? ಕಣ್ಣು ಸರಿಯಾಗಿದೆ ಅಂದ್ರಾ?”

“ಕಣ್ಣು ಸರಿಯಾಗಿದೆ ಅಕ್ಕಾ. ತುಂಬಾ ಸರಿಯಾಗಿದೆ.”

“ಸದ್ಯ! ಮತ್ತೆ ನಿನ್ನ ದನಿ ಯಾಕೆ ಹಂಗಿದೆ?” ಹಿಂದೆ ನಲ್ಲಿಯ ನೀರು ಬೀಳುತ್ತಿತ್ತು, ಅಕ್ಕ ಅದನ್ನು ನಿಲ್ಲಿಸಿದಳು. “ತೊಂದ್ರೆ ಏನೂ ಇಲ್ಲ ತಾನೆ?”

ಇಲ್ಲ ಎಂಬುದು ನಾಲಿಗೆಯ ಮೇಲೆ ಸಿದ್ಧವಾಗಿಯೇ ಇತ್ತು. ಭಾವ ಫಿಲ್ಮಿನಿಂದ ಕಣ್ಣು ತೆಗೆಯಲಿಲ್ಲ, ಆದರೆ ಅವರ ಪೆನ್ಸಿಲ್ಲು ಗಾಳಿಯಲ್ಲೇ ನಿಂತಿತ್ತು.

“ಇದೆ ಅಕ್ಕಾ,” ಎಂದಳು.

ಭಾವ ಮುಂದಿನ ಫಿಲ್ಮಿಗೆ ಕೈ ಚಾಚಿದರು.